ಐದರ ಪಕ್ಕ ಮೂರು ಸೊನ್ನೆ

ತಾಳವಾಡಿಯ ಆಸ್ಪತ್ರೆಯಲ್ಲಿ ಸಿಸ್ಟರ್ ತಮಿಳ್‌ಸೆಲ್ವಿ
ತಲೆಯೆತ್ತದೆ ಕೇಳಿದಳು: ಮಾಸ ವರುಮಾನಂ ಎವ್ವಳವು?
ನನ್ನ ಕಿವಿಗೆ ಬಿದ್ದದ್ದು ಮಾಸ ಒಂದೇ.
ಐದು, ಅಂದೆ
ಹೊಟ್ಟೆಯ ಮೇಲೆ ಕೈಯಿಟ್ಟು.
ಅವಳು ಐದು ಬರೆದು
ಪಕ್ಕದಲ್ಲಿ ಮೂರು ಸೊನ್ನೆ ಸುತ್ತಿದಳು.

ತಮಿಳು ಓದಲು ಬಾರದು ನನಗೆ, ಅಂಕಿ ಬರುತ್ತದೆ.
ತಿದ್ದಲಿಲ್ಲ.
ತೀರಾ ಸುಳ್ಳೂ ಅಲ್ಲ ಅದು:
ಚೆಂಡುಹೂವಿನ ತಿಂಗಳು ಏಳು ಸಾವಿರ,
ಹೂವಿಲ್ಲದ ತಿಂಗಳು ಎರಡು,
ಲಾರಿಗೆ ಕೋಸಿನ ಮೂಟೆ ಹೊತ್ತ ಗಂಡ
ಮನೆಗೆ ತಂದರೆ ಇನ್ನೊಂದಿಷ್ಟು.
ತಂದರೆ.

ಬಸುರಿಯರ ತಪಾಸಣೆ ಪುಕ್ಕಟೆಯೆಂದು
ಗೋಡೆಯ ಮೇಲೆ ಬರೆದಿದೆಯಂತೆ.
ಪುಕ್ಕಟೆಗೂ ಒಂದು ಲೆಕ್ಕವಿದೆ.
ಒಂದು ದಿನದ ಹೂವು ಹೋಯಿತು.
ಜೊತೆಗೆ ಬಂದ ನಾದಿನಿಯ ಹೂವೂ ಹೋಯಿತು.
ಸ್ಕ್ಯಾನಿಂಗಿಗೆ ಸತ್ಯಮಂಗಲವೆಂದರೆ
ದಿಂಬಂ ಘಾಟಿಯ ಇಪ್ಪತ್ತೇಳು ತಿರುವು,
ಒಂಬತ್ತನೆಯದಕ್ಕೇ ಬೆಳಗಿನ ಮುದ್ದೆ ಕಿಟಕಿಯಾಚೆ,
ಬಣ್ಣಾರಿಯಲ್ಲಿಳಿದು ಒಂದು ಸೋಡಾ.
ಸೋಡಾ ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೋ ಕಾಣೆ.

ಚಾಮರಾಜನಗರ ಹತ್ತಿರವೇ.
ಅಲ್ಲಿ ಡಾಕ್ಟರು ನನ್ನ ಮಾತಿನಲ್ಲೇ ಬೈಯುತ್ತಾರೆ.
ಆದರೆ ಕಾರ್ಡು ಈ ಕಡೆಯದು,
ಹೆರಿಗೆಗೆ ಬರುವ ದುಡ್ಡೂ ಈ ಕಡೆಯದು,
ಬರೀ ಬೈಗುಳ ಅರ್ಥವಾಗಲೆಂದು
ಗಡಿ ದಾಟುವಷ್ಟು ಸಿರಿತನ ನಮಗೆಲ್ಲಿಯದು?

ರಕ್ತ ಎಂಟೂವರೆ ಇದೆ ಅಂದಳು ಸಿಸ್ಟರ್,
ಬೆರಳು ಮಡಿಸಿ, ಬಿಡಿಸಿ, ನನಗೆ ತಿಳಿಯುವ ಹಾಗೆ.
ಹನ್ನೊಂದು ಇರಬೇಕಂತೆ.
ಇರಬೇಕಾದಷ್ಟು ಇರುವುದು
ನಮ್ಮ ಮನೆಯಲ್ಲಿ ಯಾವುದಮ್ಮಾ?
ಉಪ್ಪು ಒಂದಿದೆ. ಅದನ್ನೂ ಕಡಿಮೆ ಮಾಡು ಅಂದಳು.
ಇನ್ನು ಮೇಲೆ ಹದಿನೈದು ದಿನಕ್ಕೊಮ್ಮೆ ಬಾ,
ಸೂಜಿಗೆ.

ಹದಿನೈದು ದಿನಕ್ಕೊಮ್ಮೆ!
ಅತ್ತೆ ಕೆಂಪಾಜಮ್ಮ ಒಲೆ ಊದುತ್ತಲೇ ಅಂದಳು:
ಆರು ಹೆತ್ತಿವ್ನಿ ಕವ್ವ,
ಒಂದುಕ್ಕೂ ತಕ್ಕಡಿ ಹತ್ನಿಲ್ಲ.
ಉಳಿದದ್ದು ನಾಕು.
ಉಳಿಯದ ಎರಡರ ಮಾತು ನಾನು ಎತ್ತಲಿಲ್ಲ.
ಅವಳ ಊದುಗೊಳವೆಯೂ ಒಂದು ಗಳಿಗೆ ಸುಮ್ಮನಾಯಿತು,
ಆಮೇಲೆ ಬೆಂಕಿ ಹತ್ತಿತು.

ಸೋಮವಾರ ಹೋದೆ.
ನೀಲಿ ಬೆಳಕಿನ ಕೋಣೆ, ಹೊಟ್ಟೆಗೆ ತಣ್ಣನೆಯ ಲೋಳೆ,
ಹಿಂದೆ ಬರುವಾಗ ಘಾಟಿಯಲ್ಲಿ ಕತ್ತಲೆ,
ಆನೆಗೆ ದಾರಿ ಬಿಟ್ಟು ನಿಂತ ಬಸ್ಸು,
ಉಸಿರು ಹಿಡಿದ ಬಸ್ಸಿನೊಳಗೆ
ಒಳಗಿನದು ಮಾತ್ರ ಒದೆಯುತ್ತಿತ್ತು.

ಶನಿವಾರ ಬಟವಾಡೆ. ಮೇಸ್ತ್ರಿ ಪುಸ್ತಕ ತೆಗೆದು ಓದಿದ:
ಪುಟ್ಟರತ್ನ, ಸೋಮವಾರ, ಹತ್ತೊಂಬತ್ತು ಕಿಲೋ.
ಮೊಗ್ಗು ಸೇರಿಸಿದ್ದಕ್ಕೆ ಮೂರು ಕಡಿತ.

ನಾನಲ್ಲ ಅನ್ನಲು ಬಾಯಿ ತೆರೆದವಳು
ಪಕ್ಕಕ್ಕೆ ತಿರುಗಿದೆ.
ಅತ್ತೆ ದೂರದಲ್ಲಿ ಗೋಣಿ ಕೊಡವುತ್ತಿದ್ದಳು.
ಉಗುರಿನ ಸಂದಿಯೆಲ್ಲ ಹಳದಿ.
ಕಣ್ಣಿಗೆ ಪೊರೆ ಬಂದು ಮೂರು ವರ್ಷ,
ಅರಳಿದ್ದು ಯಾವುದು, ಅರಳಬೇಕಾದ್ದು ಯಾವುದು
ಅವಳಿಗೆ ತಿಳಿಯುವುದು ಮುಟ್ಟಿದ ಮೇಲೆಯೇ.
ಸತ್ಯಮಂಗಲದ ಕಾರ್ಡಿನಲ್ಲಿ ನಾನು ಹಾಜರು,
ಹೂವಿನ ಹೊಲದಲ್ಲೂ ನಾನೇ ಹಾಜರು.
ಹೆಬ್ಬೆಟ್ಟೊತ್ತಿ ದುಡ್ಡು ಎಣಿಸಿಕೊಂಡೆ.

ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು:
ಏನ ಕಂಡ್ರು ಒಳಗ?
ಗುಂಡಿಗೆ ಓಡ್ತಾ ಅದಂತ, ಅಂದೆ.
ಓಡ್ತಾ ಅದಾ? ಎಲ್ಲಿಗ?
ಇಬ್ಬರಿಗೂ ನಗು ಬಂತು, ಗಂಡ ಮಗ್ಗುಲು ಬದಲಿಸಿದ.

ತುಂಬ ಹೊತ್ತು ಸದ್ದಿಲ್ಲ.
ನಿದ್ದೆ ಹೋದಳು ಅಂದುಕೊಂಡೆ.
ಇನ್ನ ಯಾವತ್ತು ಬರೇಳವ್ರ?
ಬರೋ ಬುಧವಾರ, ಅಂದೆ.
ಕತ್ತಲಲ್ಲಿ ಬೆರಳ ತುದಿಗಳನ್ನು
ಒಂದಕ್ಕೊಂದು ಉಜ್ಜಿಕೊಳ್ಳುವ ಸದ್ದು.
ಬುಧವಾರ
ಮೊಗ್ಗ ಬುಟ್ಬುಡ್ತೀನಿ, ಅಂದಳು.